ಏಕಮುಖ ವಿದ್ಯುತ್ತನ್ನು ಅಳೆಯುವ ಟಾಂಗ್ ಟೆಸ್ಟರು

ಸೌರ ಪಂಪುಗಳು ಈಗ ಅನೇಕ ತೋಟಗಳಲ್ಲಿ ಕಾಣಬರುತ್ತಿರುವುವು. ಇವುಗಳ ಫಲಕಗಳಿಂದ ಇಳಿಯುವ ವಿದ್ಯುತ್ತು ಏಕಮುಖವಾದುದು. ಮನೆಯ ದೀಪದ ವಿದ್ಯುತ್ತಿನಂತೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸತಕ್ಕದ್ದಲ್ಲ.

ಹೋದ ಬೇಸಗೆಯಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯೊಂದುಂಟು. ಮೇಸ್ತ್ರಿಯೊಬ್ಬನು ಫಲಕದ ತಂತಿಗೆ ತನ್ನ ಟಾಂಗ್ ಟೆಸ್ಟರನ್ನು ತೊಡಿಸಿದನು. ಅದು ಸೊನ್ನೆಯನ್ನು ತೋರಿಸಿತು. ಪ್ರವಾಹವಿಲ್ಲವೆಂದು ನಂಬಿ ಜೋಡಣೆಯನ್ನು ಎಳೆಯಲು, ಕಿಡಿ ಹಾರಿ ಅವನ ಅಂಗೈ ಬೆಂದಿತು. ಮಾಪಕವು ಕೆಟ್ಟಿರಲಿಲ್ಲ. ಸಾಮಾನ್ಯವಾದ ಟಾಂಗ್ ಟೆಸ್ಟರು ಟ್ರಾನ್ಸ್‌ಫಾರ್ಮರಿನ ತತ್ತ್ವದ್ದಾದುದರಿಂದ, ದಿಕ್ಕು ಬದಲಿಸದ ಪ್ರವಾಹವು ಅದಕ್ಕೆ ಗೋಚರವಾಗದು.

ನಮಗೆ ಬೇಕಾದುದು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಎಂಬವರು ಕಂಡುಹಿಡಿದ ಗುಣವನ್ನು ಬಳಸುವ ಮಾಪಕವು. ಕೊಳ್ಳುವಾಗ ಆಂಪಿಯರಿನ ಗುರುತಿನ ಬಳಿಯಲ್ಲಿಯೇ ಒಂದು ಅಡ್ಡಗೀಟೂ ಅದರ ಕೆಳಗೆ ತುಂಡುಗೀಟೂ ಇರುವುವೇ ಎಂದು ನೋಡಬೇಕು. ವೋಲ್ಟಿನ ಬಳಿ ಮಾತ್ರ ಇದ್ದರೆ ಸಾಲದು. ಬಹು ಜನರು ಮೋಸಹೋಗುವುದು ಇಲ್ಲಿಯೇ. ತಂತಿಗೆ ತೊಡಿಸುವ ಮುನ್ನ ಇಕ್ಕಳದ ಬಾಯಿ ಮುಚ್ಚಿ ಅಂಕಿಯನ್ನು ಸೊನ್ನೆಗೆ ತರತಕ್ಕದ್ದು. ಒಂದೇ ತಂತಿಯನ್ನು ಒಳಗೆ ಸೇರಿಸಬೇಕು. ಹೋಗುವ ಬರುವ ತಂತಿಗಳೆರಡನ್ನೂ ಸೇರಿಸಿದರೆ ಪ್ರವಾಹವಿದ್ದರೂ ಸೊನ್ನೆಯೇ ಕಾಣುವುದು. ಅಂಕಿಯು ಏನೇ ಇರಲಿ, ಪಂಪಿನ ಸ್ವಿಚ್ಚನ್ನು ಆರಿಸದೆ ಜೋಡಣೆಯನ್ನು ಬಿಚ್ಚಕೂಡದು.

ಹೊಲಗಳ ಅಡಿಯಲ್ಲಿ ಹಾಯುವ ಉಕ್ಕಿನ ಅನಿಲದ ಕೊಳವೆಗಳಿಗೂ ತುಕ್ಕು ಹಿಡಿಯದಂತೆ ಏಕಮುಖ ಪ್ರವಾಹವನ್ನು ಕೊಡುವರು. ಅದನ್ನು ಅಳೆಯಲು ಕೊಳವೆಯನ್ನೇ ಬಳಸಿ ಹಿಡಿಯುವ ದೊಡ್ಡ ಇಕ್ಕಳಗಳುಂಟು. ಅಂತಹ ಕೊಳವೆಯ ದಾರಿಯಲ್ಲಿ ನೆಟ್ಟಿರುವ ಪರೀಕ್ಷೆಯ ಕಂಬಗಳ ಒಳಗಿನಿಂದ ತಂತಿಗಳು ಕೊಳವೆಗೆ ಸೇರಿರುವುವು. ಅವುಗಳಿಗೆ ದನ ಕಟ್ಟುವುದನ್ನೂ, ಉಳುವಾಗ ಅವನ್ನು ಕಿತ್ತು ಬದುವಿಗೆ ಒರಗಿಸುವುದನ್ನೂ ಗ್ರಾಮದ ಮುಖಂಡರು ತಡೆಯಬೇಕಾಗಿ ಕೋರಲಾಗಿದೆ.