ಯುದ್ಧದ ನಡುವೆ ಹೆರಿಗೆ: ಒಂದು ಕಿಟ್‌ನ ಹಿಂದಿನ ಕಥೆ

ಒಂದು ಸೋಪು, ನೆಲಕ್ಕೆ ಹಾಸಲು ಪ್ಲಾಸ್ಟಿಕ್ ಹಾಳೆ, ಹೊಕ್ಕುಳಬಳ್ಳಿ ಕಟ್ಟಲು ದಾರ, ಕತ್ತರಿಸಲು ಹೊಸ ಬ್ಲೇಡು, ಮಗುವನ್ನು ಒರೆಸಿ ಸುತ್ತಲು ಹತ್ತಿಬಟ್ಟೆ, ಓದು ಬಾರದವರಿಗೂ ತಿಳಿಯುವಂತೆ ಚಿತ್ರಗಳಲ್ಲೇ ವಿವರಿಸಿದ ಒಂದು ಚೀಟಿ. ಯುದ್ಧಪೀಡಿತ ಪ್ರದೇಶಗಳ ತುಂಬು ಗರ್ಭಿಣಿಯರಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಕೊಡುವ ಚೀಲದಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. ದಾಸ್ತಾನು ಪಟ್ಟಿಯಲ್ಲಿ ಇದಕ್ಕೆ ‘2ಎ ಕಿಟ್’ ಎಂದು ಹೆಸರು. ನುರಿತ ಸೂಲಗಿತ್ತಿಯ ಕಣ್ಣಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೂ ಇಂಥ ಕಿಟ್ ಪರಿಹಾರ ಸಾಮಗ್ರಿಗಳ ಪಟ್ಟಿಯಲ್ಲಿ ಕಾಯಂ ಜಾಗ ಪಡೆಯಲು 20ನೇ ಶತಮಾನ ಮುಗಿಯುತ್ತ ಬರಬೇಕಾಯಿತು.

ಕಾನೂನೇನೋ ಮೊದಲೇ ಬಂದಿತ್ತು. 1949ರ ನಾಲ್ಕನೇ ಜಿನೀವಾ ಒಪ್ಪಂದದ 16ನೇ ವಿಧಿ ಗರ್ಭಿಣಿಯರಿಗೆ ವಿಶೇಷ ರಕ್ಷಣೆ ಕೊಟ್ಟಿತು. ಹೆರಿಗೆ ಮಾಡಿಸುವ ಆಸ್ಪತ್ರೆಗಳ ಮೇಲೆ ದಾಳಿ ಕೂಡದು ಎಂದಿತು 18ನೇ ವಿಧಿ. ಗರ್ಭಿಣಿಯರ, ಬಾಣಂತಿಯರ ಆಹಾರ, ಬಟ್ಟೆ, ಔಷಧಗಳಿಗೆ ದಾರಿ ಬಿಡಬೇಕೆಂದಿತು 23ನೇ ವಿಧಿ. ಆದರೆ ಆ ದಾರಿಯಲ್ಲಿ ಏನೇನು ಕಳಿಸಬೇಕು, ಯಾರು ಹೊಣೆ ಹೊರಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ನಿರಾಶ್ರಿತರ ಶಿಬಿರವೆಂದರೆ ಆಹಾರ, ನೀರು, ಡೇರೆ, ಲಸಿಕೆ ಎಂಬ ಲೆಕ್ಕವೇ ನಡೆದುಬಂತು.

ಈ ಲೋಪ ಚರ್ಚೆಗೆ ಬಂದದ್ದು 1994ರಲ್ಲಿ. ಬೋಸ್ನಿಯಾದಲ್ಲಿ ಯುದ್ಧ ನಡೆದಿತ್ತು; ರುವಾಂಡಾದ ನರಮೇಧದ ನಂತರ ಲಕ್ಷಾಂತರ ಮಂದಿ ಗಡಿ ದಾಟಿದ್ದರು. ಅದೇ ವರ್ಷ ಅಮೆರಿಕದ ನಿರಾಶ್ರಿತ ಮಹಿಳೆಯರ ಆಯೋಗವೊಂದು ಶಿಬಿರಗಳಲ್ಲಿ ಹೆರಿಗೆ ಆರೈಕೆಯ ಕೊರತೆಯನ್ನು ವರದಿಯಲ್ಲಿ ಎತ್ತಿ ತೋರಿಸಿತು. ಸೆಪ್ಟೆಂಬರ್‌ನಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನವೂ ನಿರಾಶ್ರಿತ ಮಹಿಳೆಯರ ಆರೋಗ್ಯದ ಹಕ್ಕನ್ನು ಒಪ್ಪಿತು. ಮರುವರ್ಷ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಸ್ವಯಂಸೇವಾ ಸಂಘಟನೆಗಳು ಸೇರಿ ಒಂದು ಕಾರ್ಯಗುಂಪು ಕಟ್ಟಿದವು. ಬಿಕ್ಕಟ್ಟು ಶುರುವಾದ ಕೂಡಲೇ ಏನೇನು ಮಾಡಬೇಕೆಂಬ ಕನಿಷ್ಠ ಸೇವೆಗಳ ಪಟ್ಟಿ ಅಲ್ಲಿಂದ ಬಂತು. ಅದು 1999ರ ಕ್ಷೇತ್ರ ಕೈಪಿಡಿಯಲ್ಲಿ ಅಚ್ಚಾಯಿತು; 2ಎ ಕಿಟ್ ಆ ವ್ಯವಸ್ಥೆಯದೇ ಭಾಗ.

ಸರ್ವೆ, ಸಮೀಕ್ಷೆ ಎಂದು ಕಾಯದೆ ಆದಷ್ಟು 48 ಗಂಟೆಯೊಳಗೆ ಕೆಲಸ ಶುರುವಾಗಬೇಕು ಎಂಬುದು ಈ ವ್ಯವಸ್ಥೆಯ ಜೀವಾಳ. ಅದಕ್ಕಾಗಿಯೇ ಎಷ್ಟು ಕಿಟ್ ಬೇಕೆಂಬ ಲೆಕ್ಕ ಮೊದಲೇ ಸಿದ್ಧವಿದೆ. 10,000 ಜನರಿದ್ದಲ್ಲಿ ಜನನ ಪ್ರಮಾಣ ಶೇ 4 ಎಂದು ಹಿಡಿದರೆ ವರ್ಷಕ್ಕೆ 400 ಹೆರಿಗೆ, ಮೂರು ತಿಂಗಳಿಗೆ 100. ಗರ್ಭಿಣಿಯರಲ್ಲಿ ಸುಮಾರು ಶೇ 15ರಷ್ಟು ಮಂದಿಗೆ ತೊಡಕು ಎದುರಾಗಬಹುದು ಎಂಬುದು ಅಂದಾಜು.

ನೂರರಲ್ಲಿ ಆ 15 ಮಂದಿಯ ವಿಷಯಕ್ಕೆ ಬಂದರೆ ಸೋಪು, ಬ್ಲೇಡು ಸಾಲವು. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಬೇಕು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಲು ಕರೆಂಟು ಬೇಕು. ಬಿಪಿ ಏರಿ ಬರುವ ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್ ಬೇಕು. ಮಗು ಅಡ್ಡಲಾಗಿದ್ದರೆ ಸಿಸೇರಿಯನ್ ಆಗಬೇಕು, ರಕ್ತ ಸಿಗಬೇಕು. ಇವಕ್ಕೂ ಪಟ್ಟಿಯಲ್ಲಿ ಬೇರೆ ಕಿಟ್‌ಗಳಿವೆ. ಆದರೆ ಅವನ್ನು ಬಿಚ್ಚಲು ಆಸ್ಪತ್ರೆ ನಿಂತಿರಬೇಕು, ಡಾಕ್ಟರು, ನರ್ಸು ಬದುಕಿರಬೇಕು.

ಈಗ ಪೆಟ್ಟು ಬೀಳುತ್ತಿರುವುದು ಅಲ್ಲಿಗೇ. 2020ರ ಮೇ 12ರಂದು ಕಾಬೂಲ್‌ನ ದಶ್ತ್-ಎ-ಬರ್ಚಿ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ನುಗ್ಗಿದ ಬಂದೂಕುಧಾರಿಗಳು ತಾಯಂದಿರನ್ನೇ ಕೊಂದರು. ಅದನ್ನು ನಡೆಸುತ್ತಿದ್ದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಮುಂದಿನ ತಿಂಗಳು ಅಲ್ಲಿಂದ ಹಿಂದೆ ಸರಿಯಿತು. 2022ರ ಮಾರ್ಚ್ 9ರಂದು ಉಕ್ರೇನ್‌ನ ಮರಿಯುಪೋಲ್‌ನಲ್ಲಿ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. 2023ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು ಗಾಜಾದಲ್ಲಿ 50,000 ಗರ್ಭಿಣಿಯರಿದ್ದಾರೆ, ದಿನಕ್ಕೆ 180ಕ್ಕೂ ಹೆಚ್ಚು ಹೆರಿಗೆಗಳಾಗುತ್ತಿವೆ ಎಂದು ಅಂದಾಜಿಸಿದವು. ಶೇ 15ರ ಲೆಕ್ಕದಲ್ಲಿ ದಿನಕ್ಕೆ 27 ಮಂದಿಗಾದರೂ ಆಸ್ಪತ್ರೆಯೇ ಗತಿ. ಆಗ ಅಲ್ಲಿ ಒಂದೊಂದೇ ಆಸ್ಪತ್ರೆ ಡೀಸೆಲ್ ಇಲ್ಲದೆ ಬಾಗಿಲು ಹಾಕುತ್ತಿತ್ತು.

ಆಸ್ಪತ್ರೆಗೆ ಹೋಗಲಾಗದವಳ ಕೊನೆಯ ಆಸರೆಯಾಗಿ 2ಎ ಕಿಟ್ ಹುಟ್ಟಿತು. ಆಸ್ಪತ್ರೆಯ ಬದಲಿಗೆಂದು ಅದನ್ನು ಯಾರೂ ಮಾಡಿಲ್ಲ. ಹೆರಿಗೆ ವಾರ್ಡನ್ನು ಕೆಡವಿ, ನಾಲ್ಕು ಲಾರಿ ಕಿಟ್ ಒಳಬಿಟ್ಟು ಉಪಕಾರ ಮಾಡಿದೆವೆನ್ನುವವರು 1949ರ ಒಪ್ಪಂದವನ್ನು ಮುರಿದವರೇ.