ತುಳುನಾಡಿನ ಮರೆತ ರಾಜಧಾನಿಗಳು
ರಾಜಧಾನಿಯೆಂದೊಡನೆ ಹಂಪೆಯನ್ನೋ ಬಾದಾಮಿಯನ್ನೋ ನೆನೆಯುವ ನಮಗೆ, ನೇತ್ರಾವತಿ, ಫಲ್ಗುಣಿಗಳ ತೀರದ ಅಡಕೆ ತೋಟಗಳ ಮರೆಯಲ್ಲಿಯೂ ಅರಸೊತ್ತಿಗೆಗಳು ಬಾಳಿದ್ದವೆಂಬುದು ಸುಲಭವಾಗಿ ಹೊಳೆಯದು. ಸ್ಥಳಪುರಾಣ ಬಲ್ಲವರೊಬ್ಬರ ಜೊತೆಯಲ್ಲಿ ಬೆಳಗ್ಗೆ ಹೊರಟರೆ, ಬಂಗರಸರ ನೆಲೆಗಳಾಗಿದ್ದ ಬಂಟ್ವಾಳದ ನಂದಾವರವನ್ನೂ ಬೆಳ್ತಂಗಡಿ ಸೀಮೆಯ ಬಂಗಾಡಿಯನ್ನೂ ಕಂಡು, ಅಜಿಲರ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣಾಜಿಲನು ನಿಲ್ಲಿಸಿದ ಗೊಮ್ಮಟನಿಗೆ ಕೈಮುಗಿದು, ಇಳಿಹೊತ್ತಿಗೆ ಮೂಡುಬಿದಿರೆಯನ್ನು ಸೇರಬಹುದು. ಯಾತ್ರಿಕರೆಲ್ಲ 1430ರ ಸಾವಿರ ಕಂಬದ ಬಸದಿಯತ್ತ ಧಾವಿಸುವರು. ನನ್ನ ಮತದಲ್ಲಾದರೋ, ರಾಣಿ ಅಬ್ಬಕ್ಕನ ವಂಶವಾದ ಚೌಟರ ಅರಮನೆಯೇ ಹೆಚ್ಚು ಹೊತ್ತನ್ನು ಬೇಡುತ್ತದೆ. ಅಲ್ಲಿಯ ಮರದ ಕಂಬಗಳಲ್ಲಿ ಐವರು ನಾರಿಯರು ಮೈಗೆ ಮೈ ಹೆಣೆದು ಕುದುರೆಯಾಗಿದ್ದಾರೆ, ಒಂಬತ್ತು ಮಂದಿ ಆನೆಯಾಗಿದ್ದಾರೆ. ಯಾರ ಮೈ ಎಲ್ಲಿ ಮುಗಿದು ಮೃಗವೆಲ್ಲಿ ಮೊದಲಾಯಿತೆಂಬುದು, ಜೊತೆಗಾರರು ಬೆರಳಿಟ್ಟು ತೋರುವವರೆಗೆ, ತಿಳಿಯದು. ವಂಶಸ್ಥರು ವಾಸವಾಗಿರುವ ಮನೆಯಾದುದರಿಂದ ಕೇಳಿಯೇ ಒಳಗೆ ಹೋಗತಕ್ಕದ್ದು.