ಕಿಟಕಿ ಮೂಲೆಯ ಕಣಜದ ಗೂಡು

ಸಜ್ಜಾದ ಕೆಳಗೋ ಕಿಟಕಿಯ ಮೂಲೆಯಲ್ಲೋ ಕಣಜದ ಗೂಡು ಕಂಡರೆ ನಮ್ಮ ಕೈ ಮೊದಲು ಹೋಗುವುದು ಪೊರಕೆಯತ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಂಥ ಗೂಡುಗಳನ್ನೇ.

ಅವರು ಆರಿಸಿಕೊಂಡ ಕಣಜದ ಶಾಸ್ತ್ರೀಯ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ದಕ್ಷಿಣ ಭಾರತದಲ್ಲಿ ಇದು ವರ್ಷದ ಯಾವ ತಿಂಗಳಲ್ಲಾದರೂ ಗೂಡು ಕಟ್ಟುತ್ತದೆ. ಗಿಡಮರಗಳ ನಾರನ್ನು ಕೆರೆದು, ಜೊಲ್ಲು ಬೆರೆಸಿ ಅಗಿದು, ಕಾಗದದಂಥ ಹಾಳೆಯಿಂದ ಆರು ಮೂಲೆಯ ಕೋಣೆಗಳನ್ನು ಮಾಡುತ್ತದೆ. ಕೆಳಗಿನಿಂದ ನೋಡಿದರೆ ಕೆಲವು ಕೋಣೆಗಳಲ್ಲಿ ಮೊಟ್ಟೆ, ಕೆಲವುಗಳಲ್ಲಿ ಮರಿಹುಳು. ಮುಚ್ಚಳ ಬಿದ್ದ ಕೋಣೆಗಳೊಳಗೆ ಕೋಶ. ಬೇಟೆಯಿಂದ ಮರಳಿದ ಕಣಜ ಬಾಯಲ್ಲಿ ಕಚ್ಚಿ ತಂದ ಹುಳುವಿನ ಉಂಡೆಯನ್ನು ಗೂಡಿನಲ್ಲಿದ್ದವಕ್ಕೆ ಕೊಟ್ಟು ಮತ್ತೆ ಹಾರುತ್ತದೆ.

ಜೇನಿನಲ್ಲಿ ರಾಣಿಯನ್ನು ಗಾತ್ರದಿಂದಲೇ ಗುರುತಿಸಬಹುದು. ಈ ಕಣಜದಲ್ಲಿ ರಾಣಿಗೂ ಕೆಲಸಗಾರರಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಒಂದೊಂದರ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಯಾವಾಗ ಏನು ಮಾಡಿತೆಂದು ಬರೆದಿಡಬೇಕಾಯಿತು. ಆಗ ಕಂಡದ್ದು ವಿಶೇಷ ಸಂಗತಿ. ಮೊಟ್ಟೆಯಿಡುವ ರಾಣಿ ಗೂಡಿನಲ್ಲಿ ಬಲು ಸಾಧು. ಅದನ್ನು ತೆಗೆದರೆ ಅರ್ಧ ಗಂಟೆಯೊಳಗೇ ಕೆಲಸಗಾರರಲ್ಲೊಂದು ಉಳಿದವುಗಳ ಮೇಲೆ ಜೋರು ಮಾಡತೊಡಗುತ್ತದೆ. ಬೇರೆ ಯಾವುದೂ ಅದಕ್ಕೆ ಪೈಪೋಟಿಗೆ ನಿಲ್ಲುವುದಿಲ್ಲ. ರಾಣಿ ವಾಪಸು ಬಾರದಿದ್ದರೆ ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆಯಿಡುತ್ತದೆ. ಅಷ್ಟರಲ್ಲಿ ಜೋರೂ ಇಳಿದು, ಹಳೆಯ ರಾಣಿಯಷ್ಟೇ ಸಾಧುವಾಗುತ್ತದೆ. ಇಷ್ಟು ಸಾಧುವಾದ ರಾಣಿ ತಾನಿರುವುದನ್ನು ಗೂಡಿಗೆ ತಿಳಿಸುವುದು ದೇಹದ ಗ್ರಂಥಿಯೊಂದರ ರಾಸಾಯನಿಕದ ಮೂಲಕ ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

ಈ ಪ್ರಯೋಗಗಳಿಗೆಲ್ಲ ಬುನಾದಿ ಹಾಕಿದ್ದು ಒಂದೇ ಗೂಡನ್ನು ಮತ್ತೆಮತ್ತೆ ನೋಡುವ, ಒಂದು ಕಣಜವನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ತಾಳ್ಮೆ. ಗುಂಪಾಗಿ ನೋಡಿದವರಿಗೆ ಕಾಣುವುದು ಬರೀ ಕಣಜಗಳು; ಬಿಡಿಬಿಡಿಯಾಗಿ ನೋಡಿದವರಿಗೆ ಅಲ್ಲೊಂದು ಸಮಾಜವೇ ಕಾಣುತ್ತದೆ.

ನಾವು ಬಣ್ಣ ಹಚ್ಚಲು ಹೋಗಬೇಕಾಗಿಲ್ಲ. ಗಾಜಿನ ಆಚೆಗೋ ತುಸು ದೂರದಲ್ಲೋ ನಿಂತು, ದಿನವೂ ಅದೇ ಹೊತ್ತಿಗೆ ಗಮನಿಸಿದರೆ ಸಾಕು. ಕೋಣೆಗಳು ಎಷ್ಟಾದವು? ಯಾವ ಹೊತ್ತಿನಲ್ಲಿ ಆಹಾರ ಹೆಚ್ಚು ಬರುತ್ತದೆ? ಮಳೆ ಸುರಿಯುವಾಗ ಅವು ಎಲ್ಲಿರುತ್ತವೆ? ಕಂಡದ್ದನ್ನು ಅಂದೇ, ತಾರೀಖು ಹಾಕಿ ಬರೆಯಿರಿ. ಊಹೆಯನ್ನು ಬೇರೆ ಸಾಲಿನಲ್ಲಿಡಿ. ಕಣಜ ಕುಟುಕುತ್ತದೆ, ಕೆಲವರಿಗೆ ಅದರ ವಿಷ ಅಪಾಯಕಾರಿ. ಆದ್ದರಿಂದ ಗೂಡನ್ನು ಮುಟ್ಟಬೇಡಿ, ಕೆಣಕಬೇಡಿ.

ಓಡಾಟಕ್ಕೆ ಅಡ್ಡಿಯಾಗದ, ಕೈಗೆಟುಕದ ಗೂಡಾದರೆ ಪೊರಕೆಯನ್ನು ಪಕ್ಕಕ್ಕಿಡಿ. ಮನೆಯ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ.